ಪಾಶ್ಚಾಪುರ ದಾಟಿ ಬಂದು ಬೆಳಗಾವಿ ಕೋಟೆ ಹಿಡಿದ ಮನ್ರೋ ಸಾಹೇಬ: ದಂಡು ಸಣ್ಣದು, ಲೆಕ್ಕ ದೊಡ್ಡದು

ಘೋಡಗೇರಿ: ನಮ್ಮ ಕಡೆ ಮಂತ್ರಾಲಯಕ್ಕೆ ಹೋಗಿ ಬಂದವರಿಗೆ ಮನ್ರೋ ಸಾಹೇಬನ ಹೆಸರು ಹೊಸದಲ್ಲ. ಮಠದ ಇನಾಮು ಜಮೀನು ಸರ್ಕಾರಕ್ಕೆ ತಗೊಳ್ಳಬೇಕಂತ ಬಂದ ಇಂಗ್ಲಿಷ್ ಕಲೆಕ್ಟರ್, ಬೃಂದಾವನದ ಮುಂದೆ ನಿಂತು ರಾಘವೇಂದ್ರ ಸ್ವಾಮಿಗಳ ಜೊತೆ ಮಾತಾಡಿದ, ಇನಾಮು ಹಾಗೇ ಬಿಟ್ಟು ಹೋದ ಅನ್ನೋ ಐತಿಹ್ಯ ಮನೆಮನೆಗೂ ಗೊತ್ತು. ಆದರೆ ಅದೇ ಮನ್ರೋ ಸಾಹೇಬ ನಮ್ಮ ಘಟಪ್ರಭಾ ದಂಡಿ ಹಿಡಿದು ದಂಡು ತಗೊಂಡು ಬಂದಿದ್ದ, ನಮ್ಮ ಹತ್ತಿರದ ಪಾಶ್ಚಾಪುರ ವಶ ಮಾಡಿಕೊಂಡಿದ್ದ, ಅಲ್ಲಿಂದ ಹೋಗಿ ಬೆಳಗಾವಿ ಕೋಟೆ ಬೀಳಿಸಿದ್ದ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ.

ಇದು 1818ರ ಮಾತು. ಕಿತ್ತೂರು ಯುದ್ಧಕ್ಕೂ ಆರು ವರ್ಷ ಮುಂಚೆ. ಚೆನ್ನಮ್ಮ, ರಾಯಣ್ಣ ಯಾರ ವಿರುದ್ಧ ಕತ್ತಿ ಹಿಡಿದರೋ ಆ ಕಂಪನಿ ಸರ್ಕಾರ ನಮ್ಮ ಜಿಲ್ಲೆಗೆ ಕಾಲಿಟ್ಟಿದ್ದು ಹೇಗೆ ಅನ್ನೋದು ತಿಳಿಬೇಕಾದರೆ ಈ ಮನುಷ್ಯನ ಕಥೆ ಓದಬೇಕು. ಹೊಗಳೋದಕ್ಕಲ್ಲ, ಬೈಯೋದಕ್ಕೂ ಅಲ್ಲ. ಕೋಟೆ ಅನ್ನೋದು ಹೇಗೆ ಬೀಳ್ತದ ಅಂತ ತಿಳಿಯೋದಕ್ಕೆ.

ಅಂಗಡಿ ಮುಳುಗಿದ ಮನೆಯ ಹುಡುಗ

ಥಾಮಸ್ ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಾಗ. ರಾಜರ ಮನೆತನ ಅಲ್ಲ, ಸರದಾರರ ಮನೆತನವೂ ಅಲ್ಲ. ತಂದೆ ವ್ಯಾಪಾರಸ್ಥರು. ಅಮೆರಿಕದ ವರ್ಜೀನಿಯಾ ಕಡೆ ಅವರ ವ್ಯವಹಾರ. ಮಗ ಕಾಲೇಜು ಓದಿ ಒಂದು ವ್ಯಾಪಾರಿ ಪೇಢಿಯಲ್ಲಿ ಗುಮಾಸ್ತನಾಗಿ ಲೆಕ್ಕ ಬರೆಯೋದು ಕಲಿತ. ಸಣ್ಣವನಿದ್ದಾಗ ಬಂದ ಬ್ಯಾನಿಯಿಂದ ಅವನ ಕಿವಿ ಸ್ವಲ್ಪ ಮಂದ ಆಗಿತ್ತು. ಕೊನೆತನಕ ಹಾಗೇ ಉಳೀತು.

ಅಷ್ಟರಲ್ಲಿ ಅಮೆರಿಕದವರು ಇಂಗ್ಲೆಂಡಿನ ವಿರುದ್ಧ ಸ್ವಾತಂತ್ರ್ಯ ಯುದ್ಧ ಹೂಡಿದರು. ಅಲ್ಲಿ ಹಾಕಿದ್ದ ಬಂಡವಾಳ, ಬರಬೇಕಿದ್ದ ಬಾಕಿ ಎಲ್ಲ ಮುಳುಗಿತು. ಉದ್ರಿ ಕೊಟ್ಟು ವಸೂಲಾಗದೆ ಅಂಗಡಿ ಬಾಗಿಲು ಹಾಕಿದರೆ ಮನೆ ಸ್ಥಿತಿ ಏನಾಗ್ತದ ಅಂತ ನಮ್ಮ ಪ್ಯಾಟಿ ಮಂದಿಗೆ ಬೇರೆ ಹೇಳಬೇಕಾಗಿಲ್ಲ. ಮಗ ದುಡಿಯಲೇಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ದಂಡಿನಲ್ಲಿ ಕೆಡೆಟ್ ನೌಕರಿ ಹಿಡಿದು ಹಡಗು ಹತ್ತಿದ. 1780ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಳಿದಾಗ ಅವನಿಗೆ ಇನ್ನೂ 19 ತುಂಬಿರಲಿಲ್ಲ.

ಬಂದ ವರ್ಷವೇ ಹೈದರಾಲಿ ಜೊತೆ ಯುದ್ಧ. ಹೈದರನ ದಂಡು ಕಂಪನಿಯವರನ್ನು ಹೇಗೆ ಬಡಿಯಿತು ಅಂತ ಈ ಹುಡುಗ ಕಣ್ಣಾರೆ ನೋಡಿದ. ಮುಂದೆ ಟಿಪ್ಪು ಸುಲ್ತಾನನ ಜೊತೆಗಿನ ಯುದ್ಧಗಳನ್ನೂ ನೋಡಿದ. ನಡುವೆ ಹಿಂದೂಸ್ತಾನಿ, ಪಾರಸಿ ಭಾಷೆ ಕುಂತು ಕಲಿತ. ಬೇರೆ ಸಾಹೇಬರು ದುಭಾಷಿಗಳನ್ನು ನಂಬಿ ಕೆಲಸ ಮಾಡುವಾಗ ಇವನಿಗೆ ಊರ ಮಂದಿ ಜೊತೆ ನೇರವಾಗಿ ಮಾತಾಡೋದು ಬರತಿತ್ತು. ಮುಂದೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗ ಬಿದ್ದಿದ್ದು ಇದೇ.

ಕತ್ತಿ ಬಿಟ್ಟು ವಹಿ ಹಿಡಿದ

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಸೀಮೆ, ಅಂದರೆ ಈಗಿನ ಸೇಲಂ, ಕೃಷ್ಣಗಿರಿ ಕಡೆಯ ನಾಡು ಕಂಪನಿಗೆ ಬಂತು. ಅಲ್ಲಿ ಕಂದಾಯ ಗೊತ್ತು ಮಾಡುವುದಕ್ಕೆ ಅಲೆಕ್ಸಾಂಡರ್ ರೀಡ್ ಅನ್ನೋ ಅಧಿಕಾರಿಯ ಕೈಕೆಳಗೆ ಮನ್ರೋನನ್ನು ಹಾಕಿದರು. ಏಳು ವರ್ಷ ಕುದುರೆ ಮೇಲೆ ಹಳ್ಳಿ ಹಳ್ಳಿ ತಿರುಗಿದ. ಡೇರೆಯೇ ಕಚೇರಿ, ಡೇರೆಯೇ ಮನೆ.

ಅಲ್ಲಿ ಅವನಿಗೆ ಒಂದು ಮಾತು ತಿಳೀತು. ರೈತ ಮತ್ತು ಸರ್ಕಾರದ ನಡುವೆ ಗುತ್ತಿಗೆದಾರ, ಜಮೀನ್ದಾರ ಅಂತ ಎಷ್ಟು ಮಂದಿ ನಿಲ್ತಾರೋ ಅಷ್ಟು ಪಾಲು ನಡುವೆಯೇ ಕರಗಿಹೋಗ್ತದ. ಅದಕ್ಕೆ ಒಂದೊಂದು ಹೊಲ ಅಳೆದು, ಒಬ್ಬೊಬ್ಬ ರೈತನ ಹೆಸರಿನಲ್ಲಿ ಬರೆದು, ಅವನಿಂದಲೇ ನೇರವಾಗಿ ಕಂದಾಯ ತಗೋಬೇಕು. ಇದೇ ಮುಂದೆ ರೈತವಾರಿ ಅಂತ ಹೆಸರಾಯಿತು. ರೀಡ್ ಮತ್ತು ಮನ್ರೋ ಇಬ್ಬರ ಹೆಸರೂ ಇದಕ್ಕೆ ಅಂಟಿಕೊಂಡಿದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಮನ್ರೋನನ್ನು ಕೆನರಾ ಜಿಲ್ಲೆಗೆ, ಅಂದರೆ ಈಗಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಕಡೆಗೆ ಕಲೆಕ್ಟರ್ ಮಾಡಿ ಕಳಿಸಿದರು. ಆ ಮಳೆ, ಆ ಹೊಳೆ, ಆ ಕಾಡು ಅವನಿಗೆ ಹಿಡಿಸಲಿಲ್ಲ. ಬೇರೆ ಕಡೆ ಹಾಕ್ರಿ ಅಂತ ಬರೆದು ಬರೆದು, 1800ರಲ್ಲಿ ಬಳ್ಳಾರಿ, ಕಡಪ, ಅನಂತಪುರ ಕಡೆಯ ದತ್ತಮಂಡಲಕ್ಕೆ ಬಂದ. ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ಅದು. ಏಳು ವರ್ಷ ಅಲ್ಲೇ ಇದ್ದ. ಮಂತ್ರಾಲಯದ ಕಥೆ ಹುಟ್ಟಿದ್ದೂ ಆ ಕಾಲದಲ್ಲೇ.

ಅಲ್ಲಿ ಅವನು ಮಾಡಿದ್ದೆಲ್ಲ ಮೆತ್ತಗಿನ ಕೆಲಸವೇನಲ್ಲ. ಊರೂರಿಗೆ ಕೋಟೆ ಕಟ್ಟಿಕೊಂಡು ಕೂತಿದ್ದ ಪಾಳೇಗಾರರನ್ನು ದಂಡಿನ ಬಲದಿಂದ ಕಿತ್ತು ಹಾಕಿಸಿದ. ತಲೆತಲಾಂತರದಿಂದ ಆಳಿದ ಎಷ್ಟೋ ಮನೆತನಗಳು ಬೀದಿಗೆ ಬಿದ್ದವು. ಕಂದಾಯವೂ ಮೊದಲಿಗೆ ಭಾರವಾಗೇ ಇತ್ತು. ಆದರೆ 1802ರಿಂದ ನಾಲ್ಕೈದು ವರ್ಷ ಹೊಲ ಹೊಲ ಅಳೆಸಿದ ಮೇಲೆ, ಈ ಕಂದಾಯ ರೈತನಿಗೆ ತಾಳೋದಿಲ್ಲ, ನೂರಕ್ಕೆ 25ರಷ್ಟು ಇಳಿಸ್ರಿ ಅಂತ 1807ರಲ್ಲಿ ತನ್ನ ಸರ್ಕಾರಕ್ಕೇ ಬರೆದ. ಸರ್ಕಾರ ಒಪ್ಪಲಿಲ್ಲ. ಅವನು ರಜೆ ಮೇಲೆ ಊರಿಗೆ ಹೋದ. ಇಪ್ಪತ್ತೇಳು ವರ್ಷದ ಮೇಲೆ ಊರು ನೋಡಿದ್ದು. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಅನ್ನೋ ಹುಡುಗಿಯನ್ನು ಮದುವೆಯಾಗಿ, ಕೋರ್ಟು ಕಚೇರಿ ಸುಧಾರಣೆ ಕೆಲಸಕ್ಕಂತ ತಿರುಗಿ ಮದ್ರಾಸಿಗೆ ಬಂದ.

ಪೇಶ್ವೆ ರಾಜ್ಯದ ಕೊನೆಗಾಲ

ಆಗ ನಮ್ಮ ಕಡೆಯ ಪರಿಸ್ಥಿತಿ ಹೇಗಿತ್ತು ನೋಡ್ರಿ. ಧಾರವಾಡ, ಬೆಳಗಾವಿ, ಗೋಕಾಕ, ಪಾಶ್ಚಾಪುರ, ಬಾದಾಮಿ ಎಲ್ಲ ಪುಣೆಯ ಪೇಶ್ವೆ ಎರಡನೇ ಬಾಜಿರಾವನ ಆಳ್ವಿಕೆ ಕೆಳಗಿದ್ದವು. ನಡುನಡುವೆ ಪಟವರ್ಧನರ ಜಹಗೀರು, ನಿಪ್ಪಾಣಿ ದೇಸಾಯರ ಜಹಗೀರು, ಕೊಲ್ಲಾಪುರದ ಸೀಮೆ, ಕಿತ್ತೂರು ಸಂಸ್ಥಾನ. ಒಬ್ಬರ ಗಡಿ ಒಬ್ಬರು ತುಳಿಯೋದು, ಒಬ್ಬರ ಊರು ಒಬ್ಬರು ಸುಲಿಯೋದು ನಡೆದೇ ಇತ್ತು.

ಬಾಜಿರಾವನ ಕಾಲದಾಗ ತಾಲೂಕುಗಳನ್ನು ಹರಾಜು ಹಾಕುತ್ತಿದ್ದರು. ಯಾರು ಹೆಚ್ಚು ಹಣ ಕೂಗ್ತಾರೋ ಅವರಿಗೆ ಕಂದಾಯ ಎತ್ತುವ ಗುತ್ತಿಗೆ. ಕೂಗಿದವನು ತಾನು ಕೊಟ್ಟ ಹಣದ ಮೇಲೆ ಲಾಭ ತೆಗೀಬೇಕಲ್ಲ, ಅದನ್ನೆಲ್ಲ ರೈತನಿಂದಲೇ ಹಿಂಡುತ್ತಿದ್ದ. ಮುಂದಿನ ವರ್ಷ ಗುತ್ತಿಗೆ ಮತ್ತೊಬ್ಬನ ಪಾಲಾಗಬಹುದು, ಅದಕ್ಕೆ ಈ ವರ್ಷವೇ ಸಿಕ್ಕಷ್ಟು ಬಳಿದುಕೊಳ್ಳುವುದು. ಊರಿನ ಮಂದಿಗೆ ತಮ್ಮ ಮೇಲೆ ಪೇಶ್ವೆ ಇದ್ದರೇನು, ಮತ್ತೊಬ್ಬ ಬಂದರೇನು ಅನ್ನೋ ಬೇಸರ ಬಂದುಬಿಟ್ಟಿತ್ತು.

ಕಿತ್ತೂರಿಗೆ ಇನ್ನೊಂದು ನೋವಿತ್ತು. ದೇಸಾಯಿ ಮಲ್ಲಸರ್ಜನನ್ನು ಪೇಶ್ವೆ ಮೋಸದಿಂದ ಪುಣೆಯಲ್ಲಿ ಸೆರೆ ಇಟ್ಟಿದ್ದ. ಬಿಡುಗಡೆಯಾಗಿ ಬರುವಷ್ಟರಲ್ಲಿ ಅವರ ಮೈಯಲ್ಲಿ ಜೀವ ಉಳಿದಿರಲಿಲ್ಲ. 1816ರಲ್ಲಿ ತೀರಿಕೊಂಡರು. ಅವರ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಮಲ್ಲಸರ್ಜನ ಕಿರಿಯ ಹೆಂಡತಿಯೇ ನಮ್ಮ ಕಾಕತಿಯ ಮಗಳು ರಾಣಿ ಚೆನ್ನಮ್ಮ.

1817ರ ಜೂನ್‌ನಲ್ಲಿ ಪುಣೆಯ ಒಪ್ಪಂದದ ಪ್ರಕಾರ ಪೇಶ್ವೆ ಧಾರವಾಡದ ಕೋಟೆಯನ್ನೂ ಆ ಕಡೆಯ ಕೆಲವು ಸೀಮೆಯನ್ನೂ ಕಂಪನಿಗೆ ಬಿಡಬೇಕಾಯಿತು. ಅದನ್ನು ವಶಕ್ಕೆ ತಗೊಂಡು ಆಡಳಿತ ಹೂಡುವುದಕ್ಕೆ ಧಾರವಾಡಕ್ಕೆ ಬಂದವನೇ ಕರ್ನಲ್ ಮನ್ರೋ. ವಯಸ್ಸು 56. ಕಿವಿ ಮಂದ, ಕಣ್ಣೂ ಸೋಲುತ್ತಿದ್ದವು. ನವೆಂಬರ್ 5ಕ್ಕೆ ಪುಣೆ ಹತ್ತಿರ ಖಡಕಿಯಲ್ಲಿ ಪೇಶ್ವೆ ಮತ್ತು ಕಂಪನಿ ನಡುವೆ ಯುದ್ಧ ಹತ್ತಿಕೊಂಡಿತು.

ದಂಡಿಲ್ಲದೆ ಯುದ್ಧ

ಕಂಪನಿಯ ದೊಡ್ಡ ದಂಡೆಲ್ಲ ಉತ್ತರದಲ್ಲಿ ಪೇಶ್ವೆಯ ಬೆನ್ನು ಹತ್ತಿತ್ತು. ಧಾರವಾಡದಲ್ಲಿ ಮನ್ರೋ ಕೈಯಲ್ಲಿ ಇದ್ದದ್ದು ಹಿಡಿಯಷ್ಟು ಸಿಪಾಯಿಗಳು. ಖಜಾನೆಯಲ್ಲೂ ಹಣ ಇರಲಿಲ್ಲ. ಸುತ್ತಲೂ ಪೇಶ್ವೆಯ ಕೋಟೆಗಳು. ನವಲಗುಂದದ ಕಡೆ ಪೇಶ್ವೆಯ ಸೇನಾಪತಿ ಬಾಪು ಗೋಖಲೆಯವರ ಮನೆತನದ ಕಾಶೀರಾವ್ ಗೋಖಲೆ ನೂರಾರು ಕುದುರೆ ದಂಡು ಇಟ್ಟುಕೊಂಡಿದ್ದ. ಬೇರೆ ಯಾವ ಅಧಿಕಾರಿಯಾದರೂ ಕೋಟೆ ಬಾಗಿಲು ಹಾಕಿಕೊಂಡು ಸಹಾಯಕ್ಕೆ ಪತ್ರ ಬರೆದು ಕೂರುತ್ತಿದ್ದ.

ಮನ್ರೋ ಹಾಗೆ ಮಾಡಲಿಲ್ಲ. ವಹಿ ಬರೆದ ಮನುಷ್ಯ, ಲೆಕ್ಕ ಹಾಕಿದ. ಪೇಶ್ವೆಯ ದಂಡಿಗೆ ಪಗಾರ ಎಲ್ಲಿಂದ ಬರ್ತದ? ಹಳ್ಳಿಗಳ ಕಂದಾಯದಿಂದ. ಹಾಗಾದರೆ ಕೋಟೆಗೆ ಗುಂಡು ಹೊಡೆಯೋದಕ್ಕಿಂತ ಮುಂಚೆ ಹಳ್ಳಿಗಳ ಕಂದಾಯ ತನ್ನ ಕಡೆ ತಿರುಗಬೇಕು.

ಅದಕ್ಕೆ ಅವನು ಇನ್ನೂ ಪೇಶ್ವೆಯ ಕೈಯಲ್ಲೇ ಇದ್ದ ತಾಲೂಕುಗಳಿಗೆ ತನ್ನ ಅಮಲ್ದಾರರನ್ನು ನೇಮಿಸಿಬಿಟ್ಟ. ನೀವು ಹೋಗ್ರಿ, ಊರಿನ ಮಂದಿಯನ್ನೇ ಶಿಬಂದಿಯಾಗಿ ಕಟ್ಟಿಕೊಳ್ರಿ, ಕಂಪನಿ ಹೆಸರಿನಲ್ಲಿ ಕಂದಾಯ ಎತ್ತಿರಿ, ಆ ಕಂದಾಯದಿಂದಲೇ ಶಿಬಂದಿಗೆ ಪಗಾರ ಕೊಡ್ರಿ ಅನ್ನೋದು ಅವರಿಗೆ ಕೊಟ್ಟ ಹುಕುಂ. ರಾಮರಾವ್ ಅನ್ನೋ ದೇಶೀ ಅಧಿಕಾರಿ ನವಲಗುಂದದ ಅಮಲ್ದಾರನಾಗಿ ಹೊರಟು, ಐನೂರು ಆರುನೂರು ಮಂದಿ ಶಿಬಂದಿ ಕಟ್ಟಿಕೊಂಡು, ಸ್ವಲ್ಪ ದಿನದಲ್ಲೇ ಅರ್ಧಕ್ಕಿಂತ ಹೆಚ್ಚು ತಾಲೂಕು ವಶ ಮಾಡಿಕೊಂಡ. ಕಾಶೀರಾವನ ಕುದುರೆ ದಂಡಿನ ಮೇಲೂ ಬಿದ್ದು ಅದನ್ನು ಚದುರಿಸಿದ. ಡಿಸೆಂಬರ್ ಕೊನೆಗೆ ಮನ್ರೋನೇ ಸಣ್ಣ ದಂಡು ತಗೊಂಡು ಅವನ ಬೆಂಬಲಕ್ಕೆ ಹೋದ.

ಹಳ್ಳಿ ಮಂದಿ ಯಾಕೆ ಅವನ ಮಾತು ಕೇಳಿದರು? ತುಂಗಭದ್ರೆಯ ಆಚೆ ಬಳ್ಳಾರಿ ಕಡೆ ಏಳು ವರ್ಷ ಅವನು ಮಾಡಿದ್ದ ಕೆಲಸದ ಸುದ್ದಿ ಈಚೆಗೂ ಬಂದಿತ್ತು. ಕಂದಾಯ ಇಷ್ಟೇ ಅಂತ ಕಾಗದದ ಮೇಲೆ ಬರೆದು ಕೊಡ್ತಾನ, ಅದಕ್ಕಿಂತ ಹೆಚ್ಚು ಕೇಳೋದಿಲ್ಲ ಅನ್ನೋ ಒಂದು ಮಾತು ಸಾಕಾಯಿತು. ಗುತ್ತಿಗೆದಾರರ ಕೈಯಲ್ಲಿ ನಲುಗಿದ್ದ ಗೌಡರು, ಶಾನಭೋಗರು, ರೈತರು ಹೊಸ ಅಮಲ್ದಾರನ ಕಚೇರಿಗೆ ಬಂದು ನಿಂತರು. ಕಂಪನಿ ಒಳ್ಳೇದು ಅಂತಲ್ಲ, ಇದ್ದದ್ದು ಸಾಕಾಗಿತ್ತು ಅಂತ.

ಗದಗದಿಂದ ಪಾಶ್ಚಾಪುರದವರೆಗೆ

1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ ಒಂದರ ಹಿಂದೆ ಒಂದು ಬಿದ್ದವು. ಅಷ್ಟರಲ್ಲಿ ಮನ್ರೋಗೆ ಬ್ರಿಗೇಡಿಯರ್ ಜನರಲ್ ಹುದ್ದೆ ಬಂದಿತ್ತು, ಸ್ವಲ್ಪ ದಂಡೂ ಬಂದು ಕೂಡಿತ್ತು. ಫೆಬ್ರವರಿಯಲ್ಲಿ ಬಾದಾಮಿಗೆ ಹೋದ. ಬಾದಾಮಿ ಅಂದರೆ ಕಲ್ಲುಗುಡ್ಡದ ಮೇಲಿನ ಕೋಟೆ, ಹಿಂದೂಸ್ತಾನದ ಗಟ್ಟಿ ಕೋಟೆಗಳಲ್ಲಿ ಒಂದು ಅಂತ ಹೆಸರಾಗಿತ್ತು. ತೋಪು ಹೊಡೆದು ಕೆಳಗಿನ ಗೋಡೆ ಒಡೆದ ಮೇಲೆ ಫೆಬ್ರವರಿ 18ರ ಬೆಳಗ್ಗೆ ಸಿಪಾಯಿಗಳು ಒಳಗೆ ನುಗ್ಗಿದರು. ಮೇಲಿನ ಗುಡ್ಡದ ಕೋಟೆಯವರು ಅದನ್ನು ನೋಡಿ ಶರಣು ಅಂದರು. ಬಾಗಲಕೋಟೆ ಹೋರಾಡದೆಯೇ ಬಾಗಿಲು ತೆರೆಯಿತು.

ಅಲ್ಲಿಂದ ಪಶ್ಚಿಮಕ್ಕೆ, ಘಟಪ್ರಭಾ ಸೀಮೆ ಹಿಡಿದು ನಮ್ಮ ಕಡೆಗೆ. ಮಾರ್ಚ್ ತಿಂಗಳು, ಬಿಸಿಲು ಏರುವ ಹೊತ್ತು. ತೋಪು ಎಳೆಯುವ ಎತ್ತು, ದಂಡಿಗೆ ಜೋಳ, ಕುದುರೆಗೆ ಹುಲ್ಲು ಎಲ್ಲ ದಾರಿಯ ಊರುಗಳಿಂದಲೇ ಬರಬೇಕು. ಪಾಶ್ಚಾಪುರದಲ್ಲಿ ಆಗ ಕೋಟೆ ಇತ್ತು. ಹಳೇ ಹೆಸರು ಪಾದಶಹಾಪುರ. ಆ ಸೀಮೆಗೆಲ್ಲ ಅದೇ ಮುಖ್ಯ ಠಾಣೆ. ಅದೂ ಕಂಪನಿ ವಶವಾಯಿತು. ಈಗ ಘಟಪ್ರಭಾದಿಂದ ಬೆಳಗಾವಿ ರೈಲು ಹತ್ತಿದರೆ ಗೋಕಾಕ ರೋಡ್ ದಾಟಿದ ಮೇಲೆ ಪಾಶ್ಚಾಪುರ ಸ್ಟೇಷನ್ ಬರ್ತದ. ರೈಲಿನಲ್ಲಿ ಕೂತವರಿಗೆ ಅದೊಂದು ಸಣ್ಣ ನಿಲ್ದಾಣ. ಇನ್ನೂರು ವರ್ಷದ ಹಿಂದೆ ಬೆಳಗಾವಿಗೆ ಹೋಗುವ ದಂಡಿನ ದಾರಿಯಲ್ಲಿ ಅದು ಕೊನೆಯ ದೊಡ್ಡ ಮೆಟ್ಟಿಲು.

ಬೆಳಗಾವಿ ಕೋಟೆಯ 21 ದಿನ

ಬೆಳಗಾವಿ ಕೋಟೆ ಎಂಥದು ಅಂತ ನೋಡಿದವರಿಗೆ ಗೊತ್ತು. ಗುಡ್ಡದ ಮೇಲಿಲ್ಲ, ಬಯಲಲ್ಲಿದೆ. ಅದರ ಬಲವೆಲ್ಲ ದಪ್ಪ ಗೋಡೆ ಮತ್ತು ಸುತ್ತ ತೋಡಿದ ಅಗಲವಾದ ಕಂದಕದಲ್ಲಿ. ಸವದತ್ತಿ ರಟ್ಟರ ಕಾಲದಲ್ಲಿ, 1204ರ ಸುಮಾರಿಗೆ ಇದಕ್ಕೆ ಬುನಾದಿ ಬಿತ್ತು ಅಂತಾರ. ಒಳಗಿನ ಕಮಲ ಬಸದಿ ಅದೇ ಕಾಲದ್ದು. ಆಮೇಲೆ ವಿಜಯನಗರ, ಬಹಮನಿ, ಆದಿಲಶಾಹಿ ಎಲ್ಲರ ಕೈಗೂ ಬಂತು. ಬಹಮನಿಗಳ ಮಂತ್ರಿ ಮಹಮೂದ್ ಗವಾನ 1470ರ ದಶಕದಲ್ಲಿ ಮುತ್ತಿಗೆ ಹಾಕಿದ್ದ. ಆದಿಲಶಾಹಿ ಕಾಲದ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿ ಕೋಟೆಯೊಳಗೆ ಇಂದಿಗೂ ಇದೆ.

1818ರ ಮಾರ್ಚ್ 20ರಂದು ಮನ್ರೋ ಬೆಳಗಾವಿ ಮುಂದೆ ಬಂದು ಡೇರೆ ಹೂಡಿದ. ಕೋಟೆಯೊಳಗೆ ಪೇಶ್ವೆಯ ಸುಮಾರು 1,600 ಮಂದಿ ಇದ್ದರು. ಹೊರಗಿನ ದಂಡಿಗೆ ಗೋಡೆ ಒಡೆಯುವಂಥ ದೊಡ್ಡ ತೋಪುಗಳು ಬಹಳ ಕಡಿಮೆ. ಮೊದಲು ಪ್ಯಾಟಿ ಹಿಡಿದರು. ಆಮೇಲೆ ತೋಪು ಕೂಡಿಸಿ, ಕಂದಕದ ಕಡೆ ಮೆಲ್ಲಗೆ ಮಣ್ಣು ತೋಡಿಕೊಂಡು ಹತ್ತಿರ ಹೋಗುವ ಕೆಲಸ ಶುರುವಾಯಿತು.

ಒಳಗಿನವರೂ ಸುಮ್ಮನೆ ಕೂರಲಿಲ್ಲ. ಗೋಡೆ ಮೇಲಿನ ತೋಪುಗಳಿಂದ ದಿನವೂ ಉತ್ತರ ಕೊಟ್ಟರು. ಮಾರ್ಚ್ ಕೊನೆಗೆ ಮನ್ರೋನ ದಂಡಿನ ಮದ್ದಿನ ಸಂಗ್ರಹಕ್ಕೇ ಕಿಡಿ ತಗುಲಿ ಸಿಡಿಯಿತು. ಇದೇ ಹೊತ್ತು ಅಂತ ಕೋಟೆಯವರು ಬಾಗಿಲು ತೆಗೆದು ಹೊರಗೆ ನುಗ್ಗಿದರು. ತೋಪಿನ ಬಳಿ ಇದ್ದವರು ಹೇಗೋ ತಡೆದು ಅವರನ್ನು ಹಿಂದಕ್ಕೆ ಕಳಿಸಿದರು. ಆ ದಿನ ಅವರು ಗೆದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ.

ಆದರೆ ಕೋಟೆಯೊಳಗಿನವರ ಕಷ್ಟ ಬೇರೆ ಇತ್ತು. ಹೊರಗಿನ ಹಳ್ಳಿಗಳೆಲ್ಲ ಆಗಲೇ ಕಂಪನಿ ಅಮಲ್ದಾರರ ಕೈಗೆ ಹೋಗಿದ್ದವು. ಪೇಶ್ವೆ ಎಲ್ಲೋ ಓಡುತ್ತಿದ್ದ. ಸಹಾಯಕ್ಕೆ ಬರುವವರಿಲ್ಲ, ಪಗಾರ ಕಳಿಸುವವರಿಲ್ಲ. ಅದಕ್ಕಿಂತ ಹೆಚ್ಚಿನದು, ಕಿತ್ತೂರಿನ ದೇಸಾಯಿ ಕಂಪನಿ ಕಡೆ ನಿಂತಿದ್ದ. ತಂದೆಯನ್ನು ಪೇಶ್ವೆ ಸೆರೆ ಇಟ್ಟು ಸಾಯುವ ಸ್ಥಿತಿಗೆ ತಂದಿದ್ದು ಕಿತ್ತೂರಿನವರಿಗೆ ಮರೆತಿರಲಿಲ್ಲ. ಬೆಳಗಾವಿ ಮುತ್ತಿಗೆಯಲ್ಲಿ ಶಿವಲಿಂಗರುದ್ರಸರ್ಜ ಮನ್ರೋಗೆ ಸಹಾಯ ಮಾಡಿದ.

21 ದಿನ ತಡೆದ ಮೇಲೆ, ಏಪ್ರಿಲ್ 10ರಂದು ಬೆಳಗಾವಿ ಕೋಟೆ ಶರಣಾಯಿತು. ಮುಂದಿನ ತಿಂಗಳು ಸೋಲಾಪುರ ಬಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಪೇಶ್ವೆ ರಾಜ್ಯವೇ ಮುಗಿದಿತ್ತು. ಹಿಡಿಯಷ್ಟು ದಂಡಿನಿಂದ ಇಷ್ಟು ದೊಡ್ಡ ಸೀಮೆ ಗೆದ್ದಿದ್ದಕ್ಕೆ ಮುಂದಿನ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲೂ ಮನ್ರೋನ ಹೆಸರು ಹೇಳಿ ಹೊಗಳಿದರು.

ಗೆದ್ದ ಮೇಲೆ ಮಾಡಿದ್ದೇನು

ಗೆದ್ದ ಸೀಮೆಯಲ್ಲಿ ಹಳೇ ಮನೆತನಗಳನ್ನು ಒಮ್ಮೆಲೇ ಕೀಳಬಾರದು ಅಂತ ಮನ್ರೋನ ಲೆಕ್ಕ. ದತ್ತಮಂಡಲದ ಪಾಳೇಗಾರರ ವಿಷಯದಲ್ಲಿ ಮಾಡಿದ್ದನ್ನು ಇಲ್ಲಿ ಮಾಡಲಿಲ್ಲ. ಪಟವರ್ಧನರನ್ನು ಮಾತಿನಿಂದಲೇ ಪೇಶ್ವೆಯಿಂದ ಬಿಡಿಸಿ, ಅವರ ಜಹಗೀರು ಅವರಿಗೇ ಉಳಿಸಿದ. ಚಿಕ್ಕೋಡಿ, ಮುನವಳ್ಳಿ ಸೀಮೆ ಕೊಲ್ಲಾಪುರದವರಿಗೆ ತಿರುಗಿ ಹೋಯಿತು. ಕಿತ್ತೂರಿಗೆ ವರ್ಷಾ ಕಪ್ಪ ಗೊತ್ತು ಮಾಡಿ, ಸಂಸ್ಥಾನ ದೇಸಾಯಿಗೇ ಇರಲಿ ಅಂತ ಸನದು ಬರೆದು ಕೊಟ್ಟ.

ಅದೇ ವರ್ಷ ಆಗಸ್ಟಿನಲ್ಲಿ ಅವನು ಈ ಸೀಮೆ ಬಿಟ್ಟು ಹೋದ. ತನ್ನ ಕೈಕೆಳಗೆ ಪಳಗಿದ ವಿಲಿಯಂ ಚಾಪ್ಲಿನ್ ಅನ್ನೋ ಅಧಿಕಾರಿಗೆ ಜವಾಬ್ದಾರಿ ಒಪ್ಪಿಸಿದ. 1819ರಲ್ಲಿ ಊರಿಗೆ ಹೊರಟವನನ್ನು ಕಂಪನಿಯವರು ಮದ್ರಾಸಿನ ಗವರ್ನರ್ ಮಾಡಿ ತಿರುಗಿ ಕಳಿಸಿದರು. 1820ರಿಂದ ಏಳು ವರ್ಷ ಗವರ್ನರ್ ಆಗಿದ್ದ. ರೈತವಾರಿ ಪದ್ಧತಿ, ಅದೂ ಕಂದಾಯ ಇಳಿಸಿ, ಮದ್ರಾಸ್ ಸೀಮೆಯಲ್ಲಿ ಗಟ್ಟಿಯಾಗಿ ಊರಿದ್ದು ಆವಾಗಲೇ. 1824ರ ಡಿಸೆಂಬರ್ 31ರಂದು ಬರೆದ ಒಂದು ದೊಡ್ಡ ಟಿಪ್ಪಣಿಯಲ್ಲಿ, ಈ ದೇಶದ ಮಂದಿಯನ್ನು ದೊಡ್ಡ ಹುದ್ದೆಗಳಿಂದ ದೂರ ಇಡೋದು ಅನ್ಯಾಯ, ಒಂದು ದಿನ ಅವರೇ ತಮ್ಮ ರಾಜ್ಯ ನಡೆಸಿಕೊಳ್ಳುವಂತಾಗಬೇಕು ಅನ್ನೋ ಅರ್ಥದ ಮಾತು ಬರೆದ. ಆ ಕಾಲದ ಸಾಹೇಬರಲ್ಲಿ ಹೀಗೆ ಬರೆದವರು ಕಡಿಮೆ.

ಆದರೆ ಅದೇ ತಿಂಗಳು ನಮ್ಮ ಜಿಲ್ಲೆಯಲ್ಲಿ ನಡೆದದ್ದು ನೋಡ್ರಿ.

ಸನದು ಆರು ವರ್ಷ ಬಾಳಿತು

1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ದತ್ತು ತಗೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತು ನಡೆಯೋದಿಲ್ಲ ಅಂದ, ಕಿತ್ತೂರಿನ ಖಜಾನೆಗೆ ಬೀಗಮುದ್ರೆ ಹಾಕಿಸಿದ. ಬೆಳಗಾವಿ ಕೋಟೆ ಹಿಡಿಯೋದಕ್ಕೆ ಕೈ ಜೋಡಿಸಿದ ಮನೆತನಕ್ಕೆ ಸಿಕ್ಕ ಫಲ ಇದು. ರಾಣಿ ಚೆನ್ನಮ್ಮ ತಲೆ ಬಾಗಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಬಾಗಿಲು ತೆರೆದು ಹೊರಬಿದ್ದ ದಂಡಿನ ಹೊಡೆತಕ್ಕೆ ಥ್ಯಾಕರೆ ಸತ್ತ. ಎರಡು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು.

ಡಿಸೆಂಬರ್‌ನಲ್ಲಿ ದೊಡ್ಡ ದಂಡು ಬಂತು. ಮಾತುಕತೆಗೆ ಬಂದವನು ಅದೇ ಚಾಪ್ಲಿನ್. ತೋಪಿನ ಹೊಡೆತಕ್ಕೆ ಕಿತ್ತೂರು ಕೋಟೆ ಡಿಸೆಂಬರ್ ಮೊದಲ ವಾರದಲ್ಲಿ ಬಿತ್ತು. ಆ ಯುದ್ಧದಲ್ಲಿ ಗಾಯಗೊಂಡು ಸತ್ತ ಇಂಗ್ಲಿಷರಲ್ಲಿ ಸೋಲಾಪುರದ ಸಬ್ ಕಲೆಕ್ಟರ್ ಒಬ್ಬ ಇದ್ದ. ಅವನ ಹೆಸರೂ ಮನ್ರೋ. ಥಾಮಸ್ ಮನ್ರೋನ ಸ್ವಂತ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ. ದೊಡ್ಡ ಮನ್ರೋ ಸನದು ಕೊಟ್ಟ ಊರಿನ ಗೋಡೆಯ ಕೆಳಗೆ ಅವನ ಮನೆಯ ಹುಡುಗ ಜೀವ ಬಿಟ್ಟ.

ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಸಂಗೊಳ್ಳಿ ರಾಯಣ್ಣ ಗುಡ್ಡಗಾಡು ಹಿಡಿದು ಹೋರಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಕಿತ್ತೂರಿನ ಪರವಾಗಿ ಬಡಿದಾಡಿದ ಎಷ್ಟೋ ಜನ ಹಳ್ಳಿಯ ಸಾಮಾನ್ಯ ರೈತರು, ಓಲೆಕಾರರು, ಇನಾಮು ಹೊಲ ಉಂಡ ಶೇತಸನದಿಗಳು. ಕಂಪನಿ ಕಂದಾಯ ಏರಿಸಿ, ಇನಾಮು ಹೊಲಗಳ ಮೇಲೆ ಕೈ ಹಾಕಿದಾಗ ಅದೇ ಹಳ್ಳಿಗಳು ತಿರುಗಿಬಿದ್ದವು. 1818ರಲ್ಲಿ ಕಂಪನಿಯನ್ನು ಗೆಲ್ಲಿಸಿದ ಲೆಕ್ಕವೇ 1830ರಲ್ಲಿ ಕಂಪನಿಯ ಮೇಲೆ ತಿರುಗಿತು. ಇದನ್ನು ಮನ್ರೋ ನೋಡಲಿಲ್ಲ.

ಪತ್ತಿಕೊಂಡದಲ್ಲಿ ಕೊನೆಯ ದಿನ

1827ರಲ್ಲಿ ಗವರ್ನರ್ ಕೆಲಸ ಬಿಟ್ಟು ಊರಿಗೆ ಹೋಗುವ ಮುಂಚೆ, ಹಳೇ ದತ್ತಮಂಡಲ ಇನ್ನೊಮ್ಮೆ ನೋಡಿ ಬರ್ತೇನಂತ ಹೊರಟ. ಆ ಸೀಮೆಯಲ್ಲಿ ಕಾಲರಾ ಹಬ್ಬಿತ್ತು. ಜುಲೈ 6ರಂದು ಪತ್ತಿಕೊಂಡದಲ್ಲಿ ಬೆಳಗ್ಗೆ ಕಾಲರಾ ತಗುಲಿ, ರಾತ್ರಿಯಷ್ಟರಲ್ಲಿ ತೀರಿಕೊಂಡ. ಗುತ್ತಿ ಕೋಟೆಯ ಕೆಳಗೆ ಮಣ್ಣು ಮಾಡಿದರು. ಆಮೇಲೆ ದೇಹವನ್ನು ಮದ್ರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಚೆನ್ನೈಯಲ್ಲಿ ಅವನ ಕುದುರೆ ಸವಾರಿಯ ಮೂರ್ತಿ ಇಂದಿಗೂ ನಿಂತಿದೆ. ತಿರುಪತಿಯಲ್ಲಿ ನೈವೇದ್ಯಕ್ಕೆ ಅವನ ಹೆಸರಿನ ಗಂಗಾಳ ಇದೆ ಅಂತಾರ.

ನಮ್ಮ ಕಡೆ ಅವನ ಮೂರ್ತಿ ಇಲ್ಲ, ಇರಬೇಕಂತಲೂ ಇಲ್ಲ. ಅವನು ಹಿಡಿದ ಕೋಟೆ ಮಾತ್ರ ಇದೆ. ಕಂಪನಿಯವರು 1832ರಲ್ಲಿ ಬೆಳಗಾವಿಯಲ್ಲಿ ದಂಡುಪ್ರದೇಶ ಮಾಡಿದರು. ನಮ್ಮ ಮಂದಿ ಕ್ಯಾಂಪ್ ಅನ್ನೋದು ಅದಕ್ಕೇ. 1836ರಲ್ಲಿ ಧಾರವಾಡದಿಂದ ಬೇರೆಯಾಗಿ ಬೆಳಗಾವಿ ಜಿಲ್ಲೆಯಾಯಿತು. ಇಂದು ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ ಇರುವುದೂ ಬೆಳಗಾವಿಯಲ್ಲೇ. ನಮ್ಮ ತಾಲೂಕುಗಳ ಎಷ್ಟೋ ಹುಡುಗರು ಸೈನ್ಯಕ್ಕೆ ಸೇರೋ ಆಸೆಯಿಂದ ಬೆಳಗಾವಿಗೆ ಹೋಗಿ ಓಡ್ತಾರ.

ನೋಡಬೇಕಾದ ಕೋಟೆಗಳು

ಸಂತಿಗೆ, ದವಾಖಾನೆಗೆ, ಕೋರ್ಟಿಗೆ ಅಂತ ನಾವೆಲ್ಲ ಬೆಳಗಾವಿಗೆ ಹೋಗ್ತೇವಿ. ಬಸ್‌ಸ್ಟ್ಯಾಂಡಿನಿಂದ ಕೋಟೆ ದೂರವೇನಿಲ್ಲ. ಮುಂದಿನ ಸಲ ಅರ್ಧ ತಾಸು ಬಿಡುವು ಮಾಡಿಕೊಂಡು, ಮಕ್ಕಳನ್ನು ಕರಕೊಂಡು ಹೋಗ್ರಿ. ಕಂದಕದ ದಂಡೆಯಲ್ಲಿ ನಿಂತು, ಇಷ್ಟು ದಪ್ಪ ಗೋಡೆ ಇದ್ದೂ 21 ದಿನಕ್ಕೆ ಯಾಕೆ ಬಿತ್ತು ಅಂತ ಮಕ್ಕಳನ್ನೇ ಕೇಳ್ರಿ. ಕಿತ್ತೂರಿನ ಕೋಟೆ, ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ, ಸಂಕೇಶ್ವರ ಬದಿಯ ಹರಗಾಪುರದ ವಲ್ಲಭಗಡ ಎಲ್ಲ ಒಂದೊಂದು ದಿನದ ದಾರಿ. ಪಾಶ್ಚಾಪುರ ಅಂತೂ ಮನೆ ಬಾಗಿಲಲ್ಲೇ ಇದೆ.

ಕೋಟೆ ಕಲ್ಲು ಕಿತ್ತು ಮನೆಗೆ, ಕಟ್ಟೆಗೆ ಹಾಕೋದು ಎಲ್ಲ ಊರಲ್ಲೂ ನಡೆದು ಬಂದಿದೆ. ಉಳಿದಿದ್ದನ್ನಾದರೂ ಉಳಿಸೋಣ. ಇನ್ನೊಂದು ಮಾತು. ತಹಶೀಲ್ದಾರ್ ಕಚೇರಿಯಲ್ಲಿ ನಿಂತು ಹೊಲದ ಉತಾರ ತೆಗೆಸುವಾಗ, ಅದರಲ್ಲಿ ಸರ್ವೆ ನಂಬರು, ಆಕಾರ, ಖಾತೆದಾರನ ಹೆಸರು ಇರ್ತದಲ್ಲ, ರೈತನ ಹೆಸರಿನಲ್ಲೇ ಹೊಲ ಬರೆಯುವ ಆ ಪದ್ಧತಿಗೆ ಮೂಲ ಹಾಕಿದವರಲ್ಲಿ ಈ ಮನ್ರೋನೂ ಒಬ್ಬ. ಅವನು ಕೋಟೆ ಗೆದ್ದಿದ್ದೂ ಆ ಕಾಗದದ ಬಲದಿಂದಲೇ. ಅವನ ಹಿಂದೆ ಬಂದವರು ಆ ಕಾಗದದ ಮಾತು ಉಳಿಸಿಕೊಳ್ಳಲಿಲ್ಲ. ಅದಕ್ಕೇ ಈ ನೆಲ ಚೆನ್ನಮ್ಮನನ್ನೂ ರಾಯಣ್ಣನನ್ನೂ ನೆನೆಸಿಕೊಳ್ಳುವಷ್ಟು ಮನ್ರೋನನ್ನು ನೆನೆಸಿಕೊಳ್ಳೋದಿಲ್ಲ.